ಅಟ್ಟದ ಮೇಲಿನ ತಾಮ್ರದ ತೊಟ್ಟಿ

ಬಿಯರ್ ತಯಾರಿಸುವವರ ಮಟ್ಟಿಗೆ ಗಾಳಿ ಶತ್ರು. ಬಾರ್ಲಿಯ ಸಿಹಿ ರಸವನ್ನು ಕುದಿಸಿದ ಮೇಲೆ ಹೊರಗಿನ ಗಾಳಿ ಸೋಕದಂತೆ ಕೊಳವೆಗಳಲ್ಲಿ ಹರಿಸಿ, ಬೇಗಬೇಗ ತಣಿಸಿ, ಮುಚ್ಚಿದ ಉಕ್ಕಿನ ತೊಟ್ಟಿಗೆ ಇಳಿಸುತ್ತಾರೆ. ಅಲ್ಲಿ ಅದಕ್ಕೆ ಬೆರೆಸುವುದು ಪ್ರಯೋಗಾಲಯದಲ್ಲಿ ಬೆಳೆಸಿದ, ಹೆಸರು ಗೊತ್ತಿರುವ ತಳಿಯ ಯೀಸ್ಟ್. ಬೆಂಗಳೂರಿನ ಇಂದಿರಾನಗರದ ಪುಟ್ಟ ಬ್ರೂವರಿಯಲ್ಲೂ ಅಷ್ಟೆ, ದಿನಕ್ಕೆ ಲಕ್ಷಾಂತರ ಲೀಟರ್ ಹೊರಡಿಸುವ ಕಾರ್ಖಾನೆಯಲ್ಲೂ ಅಷ್ಟೆ. ಬ್ರಸೆಲ್ಸ್ ನಗರದ ನೈಋತ್ಯ ಬದಿಯ ಆಂಡರ್‌ಲೆಕ್ಟ್ ಎಂಬ ಬಡಾವಣೆಯಲ್ಲಿರುವ ಕಾಂತಿಯೋನ್ ಬ್ರೂವರಿಯಲ್ಲಿ ಮಾತ್ರ ಕುದಿಯುವ ರಸವನ್ನು ಅಟ್ಟಕ್ಕೆ ಏರಿಸುತ್ತಾರೆ. ಹೆಂಚಿನ ಮಾಡಿನ ಕೆಳಗೆ ಅಲ್ಲೊಂದು ಅಗಲವಾದ, ಆಳ ಕಡಿಮೆಯಿರುವ ತಾಮ್ರದ ತೊಟ್ಟಿಯಿದೆ. ಸುಮಾರು 7,500 ಲೀಟರ್ ರಸವನ್ನು ಅದಕ್ಕೆ ತುಂಬಿ, ಚಳಿಗಾಲದ ಗಾಳಿ ಒಳಬರುವಂತೆ ಕಿಂಡಿಗಳನ್ನು ತೆರೆದಿಟ್ಟು, ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಯೀಸ್ಟ್ ಎಂದು ಒಂದು ಚಮಚದಷ್ಟನ್ನೂ ಹಾಕುವುದಿಲ್ಲ. ಬೆಳಗಾಗುವ ಹೊತ್ತಿಗೆ ಅದು 20 ಡಿಗ್ರಿಯ ಆಸುಪಾಸಿಗೆ ತಣಿದಿರುತ್ತದೆ. ಬರಬೇಕಾದವರೆಲ್ಲ ಬಂದು ಬಿದ್ದಿರುತ್ತಾರೆ.

ಇಂಥ ಬಿಯರ್‌ಗೆ ಲ್ಯಾಂಬಿಕ್ ಎಂದು ಹೆಸರು. ಬ್ರಸೆಲ್ಸ್ ಸುತ್ತಮುತ್ತಲ ಸೆನ್ ನದಿ ಕಣಿವೆಯ ಪಾನೀಯ ಇದು. ಒಂದು ಕಾಲಕ್ಕೆ ಈ ನಗರದ ಕೇರಿಕೇರಿಗಳಲ್ಲಿ ಲ್ಯಾಂಬಿಕ್ ಮಾಡುವವರು, ಅದನ್ನು ಕೊಂಡು ಬೆರೆಸಿ ಮಾರುವವರು ಇದ್ದರು. ಕಾಂತಿಯೋನ್ ಕುಟುಂಬದ ಈ ಮನೆ 1900ರಲ್ಲಿ ಶುರುವಾದದ್ದು. ಉಳಿದವರು ಒಬ್ಬೊಬ್ಬರಾಗಿ ಬಾಗಿಲು ಹಾಕುತ್ತ ಬಂದು, 20ನೇ ಶತಮಾನ ಮುಗಿಯುವ ಹೊತ್ತಿಗೆ ಹಳೆಯ ಪದ್ಧತಿಯನ್ನು ಬಿಡದೆ ನಗರದೊಳಗೆ ಉಳಿದದ್ದು ಇದೊಂದೇ. ಆ ಮನೆಯ ಅಳಿಯ ಜಾನ್-ಪಿಯೇರ್ ವಾನ್ ರುವಾ 1978ರಲ್ಲಿ ಬ್ರೂವರಿಯನ್ನೇ ವಸ್ತುಸಂಗ್ರಹಾಲಯವೆಂದು ತೆರೆದರು. ಕೆಲಸ ಮಾತ್ರ ಒಂದು ದಿನವೂ ಪ್ರದರ್ಶನವಾಗಿ ಬದಲಾಗಲಿಲ್ಲ. ಈಗಲೂ ನಡೆಯುವ ಕೆಲಸದ ನಡುವೆಯೇ ಬಂದವರು ಓಡಾಡುತ್ತಾರೆ. ಮಿಡಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಹೊರಗಿನಿಂದ ನೋಡಿದರೆ ಗ್ಯಾರೇಜಿನಂಥ ಕಟ್ಟಡ. ಒಳಗೆ ಹೆಜ್ಜೆಯಿಟ್ಟ ಕೂಡಲೇ ಮೂಗಿಗೆ ತಾಗುವುದು ಒದ್ದೆ ಮರ, ಹಳೆಯ ಸೇಬು, ಸ್ವಲ್ಪ ವಿನೆಗರ್, ಅದರ ಹಿಂದೆ ಹೆಸರಿಡಲಾಗದ ಒಂದು ಮುಗ್ಗಲು. ಆ ವಾಸನೆಯ ಒಂದೊಂದು ಎಳೆಯ ಹಿಂದೆಯೂ ಒಂದೊಂದು ಜೀವಿ ಇದೆ. ಈ ಅಧ್ಯಾಯ ಅವುಗಳ ಬಗ್ಗೆ. ಬಿಯರ್ ಮುಟ್ಟದವರಿಗೂ ಇದರಲ್ಲಿ ಅಷ್ಟೇ ಪಾಲಿದೆ.

ಗಾಳಿಯನ್ನು ದೂರವಿಡಬೇಕೆಂಬ ಎಚ್ಚರ ಬಂದದ್ದು ಎಲ್ಲಿಂದ ಎನ್ನುವುದನ್ನು ಮೊದಲು ನೋಡಬೇಕು. 1870ರ ಯುದ್ಧದಲ್ಲಿ ಫ್ರಾನ್ಸ್ ಜರ್ಮನರ ಕೈಯಲ್ಲಿ ಸೋತ ಮೇಲೆ ಲೂಯಿ ಪಾಶ್ಚರ್ ಬಿಯರಿನ ಅಧ್ಯಯನಕ್ಕೆ ಇಳಿದರು. ಜರ್ಮನ್ ಬಿಯರನ್ನು ಮೀರಿಸುವ ಫ್ರೆಂಚ್ ಬಿಯರ್ ಆಗಬೇಕು ಎಂಬ ಹಟ ಅವರದು. 1876ರಲ್ಲಿ ಪ್ರಕಟವಾದ ಅವರ ಪುಸ್ತಕ ಬಿಯರ್ ಕೆಡುವುದಕ್ಕೆ ಬೇಡದ ಸೂಕ್ಷ್ಮಜೀವಿಗಳು ಕಾರಣ ಎಂದು ತೋರಿಸಿತು. ಕೋಪನ್‌ಹೇಗನ್‌ನ ಹೊರವಲಯದ ಕಾರ್ಲ್ಸ್‌ಬರ್ಗ್ ಬ್ರೂವರಿಯ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬ್ರೂವರಿಯ ಯೀಸ್ಟ್ ಎಂದು ಕರೆಯುತ್ತಿದ್ದ ಕೆಸರಿನಲ್ಲಿ ಹಲವು ಬಗೆಯ ಯೀಸ್ಟ್‌ಗಳು ಕಲಬೆರಕೆಯಾಗಿವೆ, ಅವುಗಳಲ್ಲಿ ಕೆಲವು ಬಿಯರನ್ನು ಕೆಡಿಸುತ್ತವೆ ಎಂದು ಅವರಿಗೆ ಖಾತ್ರಿಯಾಯಿತು. ಒಂದೇ ಒಂದು ಕೋಶವನ್ನು ಬೇರ್ಪಡಿಸಿ, ಅದನ್ನೇ ಬೆಳೆಸಿ, 1883ರಲ್ಲಿ ಆ ಶುದ್ಧ ತಳಿಯನ್ನು ಕಾರ್ಖಾನೆಯ ತೊಟ್ಟಿಗೆ ಹಾಕಿದರು. ಬಿಯರ್ ಪ್ರತಿಸಲವೂ ಒಂದೇ ರುಚಿ ಕೊಟ್ಟಿತು. ಕಾರ್ಲ್ಸ್‌ಬರ್ಗ್ ಆ ತಳಿಯನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಬೇರೆ ಬ್ರೂವರಿಗಳಿಗೂ ಕೊಟ್ಟಿತು. ಇಂದು ಜಗತ್ತು ಕುಡಿಯುವ ತಿಳಿಹಳದಿ ಬಿಯರಿನ ಬಹುಪಾಲು ಈ ಆಲೋಚನೆಯ ಸಂತಾನ.

ಹ್ಯಾನ್ಸನ್ ಮಾಡಿದ್ದು ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಬೇರುಬಿಟ್ಟಿತು: ಶುದ್ಧ ತಳಿ ವಿಜ್ಞಾನ, ಗಾಳಿಗೆ ಬಿಡುವುದು ಅದೃಷ್ಟಕ್ಕೆ ಬಿಟ್ಟಂತೆ ಎಂಬ ಭಾವನೆ. ಕಾಂತಿಯೋನ್‌ನ ಅಟ್ಟದಿಂದ ನೆಲಮಾಳಿಗೆಯವರೆಗೆ ನಡೆದು ನೋಡಿದ ನನಗೆ ಈ ಎರಡನೆಯ ಮಾತು ಒಪ್ಪಿಗೆಯಾಗುವುದಿಲ್ಲ. ಅಲ್ಲಿ ಅದೃಷ್ಟಕ್ಕೆ ಬಿಟ್ಟದ್ದು ತೀರ ಕಡಿಮೆ. ಯಾವ ಜೀವಿ ಬರಬೇಕೆಂದು ಅವರು ಆರಿಸುವುದಿಲ್ಲ, ನಿಜ. ಬಂದವರಲ್ಲಿ ಯಾರು ಯಾವಾಗ ಬದುಕಬೇಕು, ಯಾರು ಯಾವಾಗ ಸಾಯಬೇಕು ಎನ್ನುವುದನ್ನು ಮಾತ್ರ ಧಾನ್ಯದಿಂದ, ಹೂವಿನಿಂದ, ಚಳಿಯಿಂದ, ಮರದಿಂದ ಬಿಗಿಯಾಗಿ ನಿರ್ಧರಿಸುತ್ತಾರೆ.

ನಮ್ಮ ಅಡುಗೆಮನೆಯ ಇಡ್ಲಿ ಹಿಟ್ಟು ಇದೇ ಜಾತಿಯ ವಿದ್ಯೆ. ಅದಕ್ಕೆ ಯಾರೂ ಯೀಸ್ಟನ್ನಾಗಲಿ ಬ್ಯಾಕ್ಟೀರಿಯವನ್ನಾಗಲಿ ಹಾಕುವುದಿಲ್ಲ. 1965ರಲ್ಲಿ ಪ್ರಕಟವಾದ ಒಂದು ಅಧ್ಯಯನ ರಾತ್ರಿಯಿಡೀ ಆ ಹಿಟ್ಟನ್ನು ಹಿಂಬಾಲಿಸಿತು. ಮೊದಲು ಬೆಳೆದು ಹಿಟ್ಟನ್ನು ಉಬ್ಬಿಸುವುದು ಲ್ಯುಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ. ಅದು ಹುಳಿ ಏರಿಸಿದ ಮೇಲೆ ಇನ್ನೊಂದು ಬಗೆ, ಎಲ್ಲಕ್ಕಿಂತ ತಡವಾಗಿ ಪೀಡಿಯೊಕಾಕಸ್. ಅಮ್ಮಂದಿರು ಅಕ್ಕಿ-ಉದ್ದಿನ ಅಳತೆ, ನೆನೆಯುವ ಹೊತ್ತು, ಉಪ್ಪು, ಒಲೆಯ ಬದಿಯ ಬಿಸುಪು ಇಷ್ಟನ್ನೇ ಹದಮಾಡಿ ಈ ಸರದಿಯನ್ನು ನಡೆಸುತ್ತಾರೆ. ಪೀಡಿಯೊಕಾಕಸ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಅದರದೇ ಕುಲದ ನಂಟ ಆಂಡರ್‌ಲೆಕ್ಟ್‌ನ ಪೀಪಾಯಿಯೊಳಗೂ ಕೂತಿದೆ. ಇಡ್ಲಿಯಲ್ಲಿ ಒಂದು ರಾತ್ರಿಗೆ ಮುಗಿಯುವ ಸರದಿ ಲ್ಯಾಂಬಿಕ್‌ನಲ್ಲಿ ಮೂರು ವರ್ಷ ನಡೆಯುತ್ತದೆ.

ಕೆಳಮಹಡಿಯಲ್ಲಿ ಮೊದಲು ಸಿಗುವುದು ಧಾನ್ಯ ಕಲಸುವ ತೊಟ್ಟಿ. ಒಂದು ಸಲಕ್ಕೆ ಸುಮಾರು 1,300 ಕಿಲೋ ಧಾನ್ಯ, ಅದರಲ್ಲಿ ಶೇ. 65 ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿ, ಶೇ. 35 ಹಸಿ ಗೋಧಿ. ಮೊಳಕೆಯಲ್ಲಿ ಅಮೈಲೇಸ್ ಎಂಬ ಕಿಣ್ವಗಳು ತುಂಬಿರುತ್ತವೆ. ಬಿಸಿನೀರಿನಲ್ಲಿ ಅವು ಪಿಷ್ಟದ ಉದ್ದನೆಯ ಸರಪಳಿಗಳನ್ನು ಕಡಿದು ಸಕ್ಕರೆ ಮಾಡುತ್ತವೆ. ಸಾಧಾರಣ ಬಿಯರಿನಲ್ಲಿ ಈ ಕಡಿತ ಆದಷ್ಟು ಪೂರ್ತಿಯಾಗಲಿ ಎಂದು ಬಯಸುತ್ತಾರೆ; ಏಕೆಂದರೆ ಬಿಯರ್ ಯೀಸ್ಟ್‌ಗೆ ಸಣ್ಣ ಸಕ್ಕರೆಗಳನ್ನಷ್ಟೇ ತಿನ್ನಲು ಬರುತ್ತದೆ. ಲ್ಯಾಂಬಿಕ್ ಮಾಡುವವರು ಬೇಕೆಂದೇ ಅದನ್ನು ನಡುವೆ ತಡೆಯುತ್ತಾರೆ. ಗಂಜಿಯಂತೆ ಬೆಳ್ಳಗೆ ಕದಡಿದ ನೀರನ್ನು ಆಗಾಗ ಹೊರತೆಗೆದು ಕುದಿಸಿ, ಅದರಲ್ಲಿದ್ದ ಕಿಣ್ವಗಳನ್ನು ಕೊಂದು, ಮತ್ತೆ ಸುರಿಯುತ್ತಾರೆ. ಹಸಿ ಗೋಧಿಯ ಪಿಷ್ಟವೂ ಸೇರಿ, ಅರ್ಧಂಬರ್ಧ ಕಡಿದ ಉದ್ದನೆಯ ಸರಪಳಿಗಳು — ಡೆಕ್‌ಸ್ಟ್ರಿನ್‌ಗಳು — ರಸದಲ್ಲಿ ಉಳಿದುಬಿಡುತ್ತವೆ. ಮೊದಲು ಬರುವ ಯೀಸ್ಟ್ ಅವನ್ನು ಮುಟ್ಟಲಾರದು. ಒಂದು ವರ್ಷದ ನಂತರ ಬರುವ ಬೇರೊಬ್ಬ ಅತಿಥಿಗಾಗಿ ಇಂದೇ ಎತ್ತಿಟ್ಟ ಊಟ ಅದು.

ಮುಂದೆ ಹಾಪ್. ಈ ಬಳ್ಳಿಯ ಹೂವನ್ನು ಬಿಯರಿಗೆ ಹಾಕುವುದು ಕಹಿಗೆ ಮತ್ತು ಪರಿಮಳಕ್ಕೆ ಎಂದೇ ನಾವು ತಿಳಿದಿರುವುದು. ಇಂದಿನ ಕ್ರಾಫ್ಟ್ ಬ್ರೂವರಿಗಳು ಹೊಸ ಹಾಪ್‌ನ ಘಮಕ್ಕಾಗಿ ಪೈಪೋಟಿ ನಡೆಸುತ್ತವೆ. ಕಾಂತಿಯೋನ್ ಮೂರು ವರ್ಷ ಹಳೆಯದಾದ ಹಾಪ್ ಬಳಸುತ್ತದೆ! ಒಣಗಿ ಕಂದಾಗಿ, ಹಳೆ ಚೀಸಿನ ವಾಸನೆ ಹಿಡಿದ ಹೂವು. ಇದನ್ನು ಜಿಪುಣತನವೆಂದು ತಿಳಿದರೆ ಒಂದು ಜಾಣ ರಸಾಯನಶಾಸ್ತ್ರ ಕೈತಪ್ಪಿ ಹೋಗುತ್ತದೆ. ಹೊಸ ಹಾಪ್‌ನ ರಾಳದಲ್ಲಿರುವ ಆಲ್ಫಾ ಆಮ್ಲಗಳು ಕುದಿಯುವಾಗ ರೂಪ ಬದಲಿಸಿ ಕಟುಕಹಿಯಾಗುತ್ತವೆ. ವರ್ಷಗಳ ಕಾಲ ಗಾಳಿಯ ಆಮ್ಲಜನಕಕ್ಕೆ ಒಡ್ಡಿದರೆ ಆ ಆಮ್ಲಗಳು ನಶಿಸುತ್ತವೆ, ಕಹಿ ಇಳಿಯುತ್ತದೆ. ಆದರೆ ಹಾಪ್‌ನ ಇನ್ನೊಂದು ಗುಣ, ಬ್ಯಾಕ್ಟೀರಿಯ ತಡೆಯುವ ಗುಣ, ಅಷ್ಟು ಬೇಗ ಹೋಗುವುದಿಲ್ಲ. ಬೀಟಾ ಆಮ್ಲಗಳು ಆಮ್ಲಜನಕದೊಂದಿಗೆ ಸೇರಿ ಹುಟ್ಟುವ ವಸ್ತುಗಳಲ್ಲಿ ಅದು ಉಳಿದಿರುತ್ತದೆ.

ಅದು ಕೆಲಸ ಮಾಡುವ ಬಗೆಯೂ ಸೊಗಸು. ಬ್ಯಾಕ್ಟೀರಿಯ ತನ್ನ ಪೊರೆಯ ಒಳಗೂ ಹೊರಗೂ ಪ್ರೋಟಾನ್‌ಗಳ ಸಾಂದ್ರತೆಯಲ್ಲಿ ಒಂದು ಅಂತರ ಕಾಯ್ದುಕೊಂಡಿರುತ್ತದೆ. ಆಹಾರವನ್ನು ಒಳಗೆಳೆದುಕೊಳ್ಳುವ ಶಕ್ತಿ ಬರುವುದೇ ಆ ಅಂತರದಿಂದ. ಹಾಪ್‌ನ ಅಣುಗಳು ಪ್ರೋಟಾನ್‌ಗಳನ್ನು ಹೊತ್ತು ಪೊರೆ ದಾಟಿ ಒಳಗೆ ಬಿಡುತ್ತವೆ, ಅಂತರ ಕುಸಿಯುತ್ತದೆ, ಜೀವಿ ಹಸಿವಿನಿಂದ ಸೊರಗುತ್ತದೆ. ಈ ಏಟು ಬೀಳುವುದು ಹೊರಪೊರೆಯ ಕವಚವಿಲ್ಲದ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಗಳಿಗೆ, ಮುಖ್ಯವಾಗಿ ಹಾಲನ್ನು ಮೊಸರು ಮಾಡುವ ಲ್ಯಾಕ್ಟೊಬ್ಯಾಸಿಲಸ್ ಬಳಗಕ್ಕೆ. ಹಾಪ್ ಇಲ್ಲದಿದ್ದರೆ ಅವು ಮೊದಲ ವಾರದಲ್ಲೇ ರಸವನ್ನು ಕಡು ಹುಳಿ ಮಾಡಿ ಆಟ ಮುಗಿಸುತ್ತಿದ್ದವು. ಹಳೆ ಹಾಪ್‌ನಿಂದ ಕಹಿಯೂ ಏರಲಿಲ್ಲ, ಹುಳಿಯೂ ಅವಸರದಲ್ಲಿ ಬರಲಿಲ್ಲ. ಹುಳಿಯೊಡನೆ ಕಹಿ ಸೇರಿದರೆ ನಾಲಿಗೆಗೆ ಎಷ್ಟು ಅಸಹನೀಯ ಎಂದು ಬಲ್ಲವರಿಗೆ ಈ ಉಪಾಯದ ಬೆಲೆ ತಿಳಿಯುತ್ತದೆ.

ಹೀಗೆ ಧಾನ್ಯ ಬೆಂದು, ಹಾಪ್ ಸೇರಿ, ತಾಸುಗಟ್ಟಲೆ ಕುದಿದು, ಸುಮಾರು 10,000 ಲೀಟರ್ ರಸ 7,500ಕ್ಕೆ ಬತ್ತಿದ ಮೇಲೆಯೇ ಅದು ಅಟ್ಟ ಹತ್ತುವುದು.

ಮರದ ಮೆಟ್ಟಿಲೇರಿ ಆ ತೊಟ್ಟಿಯ ಪಕ್ಕ ನಿಂತಾಗ ಮನಸ್ಸಿಗೆ ಬರುವ ಮೊದಲ ಪ್ರಶ್ನೆ: ನಿಜವಾಗಿ ಜೀವಿಗಳು ಎಲ್ಲಿಂದ ಬರುತ್ತವೆ? ಸೆನ್ ಕಣಿವೆಯ ಗಾಳಿಯಲ್ಲೇ ಒಂದು ವಿಶೇಷವಿದೆ, ಅಲ್ಲಿನ ತೋಟಗಳಿಂದ ಹಾರಿ ಬರುವ ಯೀಸ್ಟ್ ಬೇರೆಲ್ಲೂ ಇಲ್ಲ ಎಂಬುದು ಹಳೆಯ ನಂಬಿಕೆ. ಸೆನ್ ನದಿ ನಗರದ ಮಧ್ಯದಲ್ಲಿ 19ನೇ ಶತಮಾನದಲ್ಲೇ ಮುಚ್ಚಿಹೋಯಿತು, ತೋಟಗಳು ಬಡಾವಣೆಗಳಾದವು, ಲ್ಯಾಂಬಿಕ್ ಮಾತ್ರ ಲ್ಯಾಂಬಿಕ್ ಆಗಿಯೇ ಉಳಿಯಿತು. ಈಚಿನ ಅಧ್ಯಯನಗಳು ಕಟ್ಟಡದ ಕಡೆಗೂ, ಅದರಲ್ಲೂ ಪೀಪಾಯಿಗಳ ಮರದ ಕಡೆಗೂ ಬೆರಳು ತೋರಿಸುತ್ತವೆ. ಬಿಸಿನೀರಿನಲ್ಲಿ ತೊಳೆದರೂ ಮರದ ರಂಧ್ರಗಳಲ್ಲಿ ಹಿಂದಿನ ವರ್ಷಗಳ ನಿವಾಸಿಗಳು ಉಳಿದಿರುತ್ತಾರೆ. ಅಟ್ಟದ ಗಾಳಿ ಮೊದಲ ಕೆಲವು ಅತಿಥಿಗಳನ್ನು ತರುತ್ತದೆ, ದೀರ್ಘಕಾಲದ ಒಕ್ಕಲುಗಳು ಮನೆಯೊಳಗೇ ಇದ್ದಾರೆ ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ. ಹಾಗಾಗಿಯೇ ಇಲ್ಲಿ ಜೇಡರ ಬಲೆಗಳನ್ನು ಗುಡಿಸುವುದಿಲ್ಲ. ಬಿಯರಿಗೆ ಹಾಕುವ ಹಣ್ಣು ಬೇಸಿಗೆಯಲ್ಲಿ ಬಂದಾಗ ನೊಣಗಳು ಮುತ್ತುತ್ತವೆ, ನೊಣಗಳು ವಿನೆಗರ್ ಬ್ಯಾಕ್ಟೀರಿಯ ಹೊತ್ತು ತರುತ್ತವೆ, ಜೇಡಗಳು ನೊಣ ಹಿಡಿಯುತ್ತವೆ. ಕೀಟನಾಶಕ ಸಿಂಪಡಿಸಿದರೆ ಮನೆಯ ಒಕ್ಕಲುಗಳಿಗೇ ಕುತ್ತು.

ತೊಟ್ಟಿಯ ಆಕಾರಕ್ಕೂ ಕಾರಣವಿದೆ. ಅಗಲ ಹೆಚ್ಚು, ಆಳ ಕಡಿಮೆ ಇದ್ದರೆ ಶಾಖ ಬೇಗ ಹೋಗುತ್ತದೆ. ರಸ ಬೆಚ್ಚಗಿನ ಹಂತದಲ್ಲಿ ಹೆಚ್ಚು ಹೊತ್ತು ನಿಂತರೆ ಬೇಡದ ಬ್ಯಾಕ್ಟೀರಿಯಗಳು ಮೇಲುಗೈ ಪಡೆಯುತ್ತವೆ. ತಣಿಸುವ ಯಂತ್ರವಿಲ್ಲದ ಮೇಲೆ ಚಳಿಯೇ ಯಂತ್ರ. ಅದಕ್ಕೇ ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಮಾತ್ರ ಇಲ್ಲಿ ಕುದಿಸುವ ಕೆಲಸ. ರಾತ್ರಿಯ ಉಷ್ಣಾಂಶ ಮೈನಸ್ 8ರಿಂದ 8 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮೂರಿನ ಚಳಿಯಲ್ಲಿ ಈ ಬಿಯರ್ ಏಕೆ ಆಗದು ಎನ್ನಲು ಇಷ್ಟು ಸಾಕು.

ಬ್ರಸೆಲ್ಸ್‌ನಲ್ಲೂ ಚಳಿ ಮೊದಲಿನಂತಿಲ್ಲ. ಈಗಿನ ಬ್ರೂವರ್ ಜಾನ್ ವಾನ್ ರುವಾ ಸಂಶೋಧಕರೊಡನೆ ಸೇರಿ ಹವಾಮಾನ ದಾಖಲೆಗಳನ್ನು ಪರಿಶೀಲಿಸಿದರು. 20ನೇ ಶತಮಾನದ ಆರಂಭದಲ್ಲಿ ವರ್ಷಕ್ಕೆ ಸುಮಾರು 165 ದಿನ ಈ ಕೆಲಸಕ್ಕೆ ಒದಗುತ್ತಿದ್ದವು; ಈಗ ಸುಮಾರು 140. ನಡುಚಳಿಗಾಲದಲ್ಲೂ ಕೆಲವೊಮ್ಮೆ ಬೆಚ್ಚನೆಯ ರಾತ್ರಿ ಬಂದು ಒಲೆ ಹಚ್ಚುವುದನ್ನು ಮುಂದೂಡಬೇಕಾಗುತ್ತದೆ. ಹವಾಮಾನ ಬದಲಾವಣೆಯೆಂದರೆ ಹಿಮನದಿ ಕರಗುವ ಚಿತ್ರವನ್ನೇ ಕಂಡವರಿಗೆ ಇದು ಸಣ್ಣ ಸಂಗತಿ ಎನಿಸೀತು. ನನಗೆ ಹಾಗನಿಸುವುದಿಲ್ಲ. ಒಂದು ಊರಿನ ಚಳಿಯನ್ನೇ ಉಪಕರಣ ಮಾಡಿಕೊಂಡು ಕಲಿತ ಕಸುಬಿನ ಕೈಯಿಂದ ಆ ಉಪಕರಣ ಜಾರುತ್ತಿದೆ. ಕಾಫಿ ಹೂವಿನ ಮಳೆ ಹೊತ್ತು ತಪ್ಪಿದಾಗ ಕೊಡಗಿನ, ಚಿಕ್ಕಮಗಳೂರಿನ ಬೆಳೆಗಾರರು ಪಡುವ ಕಳವಳ ಇದೇ.

ಅಟ್ಟದಿಂದ ಇಳಿದರೆ ಪೀಪಾಯಿಗಳ ಕೋಣೆ. ಮಬ್ಬುಬೆಳಕು, ಸಾಲುಸಾಲು ಓಕ್ ಪೀಪಾಯಿಗಳು, ಬಹುಪಾಲು ಒಮ್ಮೆ ವೈನ್ ತುಂಬಿದ್ದಂಥವು. ಒಂದೊಂದರ ಮೇಲೂ ಸೀಮೆಸುಣ್ಣದ ಗುರುತು. ಕೆಲವು ಪೀಪಾಯಿಗಳ ಬಾಯಿಂದ ಕಂದು ನೊರೆ ಉಕ್ಕಿ ಹೊಟ್ಟೆಯ ಮೇಲೆ ಹರಿದು ಒಣಗಿದೆ. ನಿಶ್ಶಬ್ದವಾಗಿ ಕಾಣುವ ಈ ಕೋಣೆಯೊಳಗೆ ನಡೆಯುವುದನ್ನು 1970ರ ದಶಕದಲ್ಲಿ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ತಿಂಗಳು ತಿಂಗಳೂ ಮಾದರಿ ತೆಗೆದು ಬಿಡಿಸಿಟ್ಟರು. 2014ರಲ್ಲಿ ಡಿಎನ್‌ಎ ತಂತ್ರಗಳಿಂದ ನಡೆದ ಇನ್ನೊಂದು ಅಧ್ಯಯನ ಆ ಕಥೆಯ ಮುಖ್ಯ ಘಟ್ಟಗಳನ್ನು ಸಮರ್ಥಿಸಿತು.

ಮೊದಲ ತಿಂಗಳು ಎಂಟರೋಬ್ಯಾಕ್ಟೀರಿಯಗಳದು, ಅಂದರೆ ನಮ್ಮ ಕರುಳಿನಲ್ಲೂ ಮಣ್ಣಿನಲ್ಲೂ ಇರುವ ಇ. ಕೋಲಿಯ ಬಳಗದವು. ಇವಕ್ಕೆ ಹೊರಪೊರೆಯ ಕವಚ ಇರುವುದರಿಂದ ಹಾಪ್‌ನ ಏಟು ತಟ್ಟುವುದಿಲ್ಲ. ಸುಲಭದ ಸಕ್ಕರೆ ತಿಂದು, ಸ್ವಲ್ಪ ಆಮ್ಲ ಬಿಟ್ಟು, ಬೆಂದ ತರಕಾರಿಯ ವಾಸನೆ ಹರಡುತ್ತವೆ. ಈ ಹಂತದ ಪೀಪಾಯಿಯನ್ನು ಯಾರೂ ರುಚಿ ನೋಡಬಾರದು. ಅವು ಬಿಟ್ಟ ಆಮ್ಲವೂ, ಹಿಂದೆಯೇ ಎದ್ದ ಯೀಸ್ಟ್‌ನ ಆಲ್ಕೋಹಾಲೂ ಸೇರಿ ಅವನ್ನೇ ಅಳಿಸಿಹಾಕುತ್ತವೆ. ಎರಡನೆಯ ಸರದಿ ಸ್ಯಾಕರೊಮೈಸಿಸ್‌ನದು; ಬ್ರೆಡ್ಡಿನ, ವೈನಿನ, ಎಲ್ಲ ಸಾಧಾರಣ ಬಿಯರಿನ ಯೀಸ್ಟ್. ನೊರೆ ಉಕ್ಕುವುದು ಇದರ ಭರಾಟೆಯಲ್ಲೇ. ಮೂರ್ನಾಲ್ಕು ತಿಂಗಳಲ್ಲಿ ತನಗೆ ಬೇಕಾದ ಸಕ್ಕರೆಯನ್ನು ಮುಗಿಸಿ ತಳಕ್ಕಿಳಿಯುತ್ತದೆ. ಲೋಕದ ಬೇರೆ ಬಿಯರುಗಳ ಕಥೆ ಇಲ್ಲಿಗೆ ಮುಗಿಯುತ್ತದೆ.

ಬೇಸಿಗೆಯ ಬಿಸುಪಿಗೆ ಪೀಡಿಯೊಕಾಕಸ್ ಏಳುತ್ತದೆ. ಇದೂ ಗ್ರಾಂ-ಪಾಸಿಟಿವ್, ಆದರೆ ಒಳನುಗ್ಗಿದ ಹಾಪ್ ಅಣುಗಳನ್ನು ಹೊರದಬ್ಬುವ ಸಾಮರ್ಥ್ಯ ಇದಕ್ಕಿದೆ. ನಿಧಾನವಾಗಿ ಲ್ಯಾಕ್ಟಿಕ್ ಆಮ್ಲ ಕೂಡಿಸುತ್ತದೆ. ಜೊತೆಗೆ ಕೆಲವು ಪೀಪಾಯಿಗಳಲ್ಲಿ ಸಕ್ಕರೆಯಿಂದ ಉದ್ದನೆಯ ಅಂಟು ಎಳೆಗಳನ್ನು ಹೆಣೆದು, ಬಿಯರ್ ಎಣ್ಣೆಯಂತೆ ಲೋಳೆಯಾಗಿ ಸುರಿಯುವಂತೆ ಮಾಡುತ್ತದೆ. ಬೇರೆ ಯಾವ ಬ್ರೂವರಿಯಲ್ಲಿ ಹೀಗಾದರೂ ಅದನ್ನು ಚರಂಡಿಗೆ ಚೆಲ್ಲುತ್ತಾರೆ. ಇಲ್ಲಿ ಕಾಯುತ್ತಾರೆ. ಕಾಯುವುದಕ್ಕೆ ಆಧಾರ ಕೊಟ್ಟಿರುವುದು ನಾಲ್ಕನೆಯ ಸರದಿಯ ಅತಿಥಿ, ಬ್ರೆಟನೊಮೈಸಿಸ್.

ಈ ಯೀಸ್ಟನ್ನು 1904ರಲ್ಲಿ ಕಾರ್ಲ್ಸ್‌ಬರ್ಗ್‌ನ ನೀಲ್ಸ್ ಕ್ಲಾಸೆನ್ ಇಂಗ್ಲಿಷ್ ಬಿಯರಿನಲ್ಲಿ ಗುರುತಿಸಿದರು. ಶುದ್ಧ ತಳಿಯ ತವರಿನಿಂದಲೇ ಕಾಡುಯೀಸ್ಟಿನ ಮಹತ್ವ ಹೊರಬಂದದ್ದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. 1921ರಲ್ಲಿ ಕುಫೆರಾತ್ ಮತ್ತು ವಾನ್ ಲೇರ್ ಎಂಬ ವಿಜ್ಞಾನಿಗಳು ಲ್ಯಾಂಬಿಕ್‌ನಿಂದ ಬೇರ್ಪಡಿಸಿದ ಪ್ರಭೇದಕ್ಕೆ ಬ್ರಸೆಲ್ಸ್‌ನ ಹೆಸರೇ ಸೇರಿ ಬ್ರೆಟನೊಮೈಸಿಸ್ ಬ್ರುಕ್ಸೆಲೆನ್ಸಿಸ್ ಆಯಿತು. ನಿಧಾನವಾಗಿ ಬೆಳೆಯುವ, ಹುಳಿಗೆ ಬಗ್ಗದ, ಬರಗಾಲ ಸಹಿಸುವ ಜೀವಿ. ಉಳಿದವರೆಲ್ಲ ತಿಂದು ಮುಗಿಸಿದ ಮೇಲೆ ಪೀಪಾಯಿಯಲ್ಲಿ ಮಿಕ್ಕಿದ್ದು ಆ ಡೆಕ್‌ಸ್ಟ್ರಿನ್‌ಗಳು ಮಾತ್ರ. ಅವನ್ನು ಕಡಿಯುವ ಕಿಣ್ವ ಇದಕ್ಕಿದೆ. ಪೀಡಿಯೊಕಾಕಸ್ ಹೆಣೆದ ಅಂಟು ಎಳೆಗಳನ್ನೂ ಇದೇ ಬಿಡಿಸಿ ತಿಂದು ಬಿಯರನ್ನು ತಿಳಿಯಾಗಿಸುತ್ತದೆ. ಮೇಲ್ಮೈಯಲ್ಲಿ ತೆಳು ಪೊರೆ ಕಟ್ಟಿ, ಮರದ ಮೂಲಕ ನುಸುಳುವ ಆಮ್ಲಜನಕವನ್ನು ತಡೆದು, ಬಿಯರ್ ವಿನೆಗರ್ ಆಗದಂತೆ ಕಾಯುತ್ತದೆ. ಇದನ್ನು ಬರೆಯುವಾಗ ಕೂಡ ಬೆರಗು: ಎಂಟು ತಿಂಗಳು, ವರ್ಷದ ನಂತರ ಏಳುವ ಒಂದು ಯೀಸ್ಟಿಗೆ ಬೇಕಾದುದನ್ನು ಮೊದಲ ದಿನದ ಧಾನ್ಯದ ಕಲಸುವಿಕೆಯಲ್ಲೇ ಸಿದ್ಧಮಾಡಿಡಲು, ಯೀಸ್ಟ್ ಒಂದು ಜೀವಿ ಎಂದೇ ತಿಳಿಯದ ಕಾಲದ ಜನ ಕಲಿತಿದ್ದರು.

ವಾಸನೆಯ ವಿಚಾರದಲ್ಲಿ ಈ ಸರದಿ ಇನ್ನೂ ಚೊಕ್ಕವಾಗಿ ಕಾಣುತ್ತದೆ. ಧಾನ್ಯದ ಸಿಪ್ಪೆಯಲ್ಲಿ ಕೂಮರಿಕ್, ಫೆರುಲಿಕ್ ಎಂಬ ಆಮ್ಲಗಳಿವೆ, ಇವಕ್ಕೆ ವಾಸನೆಯಿಲ್ಲ. ಬ್ಯಾಕ್ಟೀರಿಯವೋ ಯೀಸ್ಟೋ ಇವುಗಳಿಂದ ಒಂದು ಕಾರ್ಬನ್ ಡೈಆಕ್ಸೈಡ್ ತುಂಡನ್ನು ಕಿತ್ತರೆ ವೈನೈಲ್ ಫೀನಾಲ್‌ಗಳಾಗುತ್ತವೆ, ಲವಂಗದ ಛಾಯೆ ಬರುತ್ತದೆ. ಬ್ರೆಟನೊಮೈಸಿಸ್ ಅದಕ್ಕೆ ಹೈಡ್ರೋಜನ್ ಸೇರಿಸಿ ಈಥೈಲ್ ಫೀನಾಲ್ ಮಾಡುತ್ತದೆ. ಆಗ ಬರುವುದು ಕುದುರೆ ಲಾಯದ, ಹಳೆ ಚರ್ಮದ, ಸಣ್ಣ ಹೊಗೆಯ ವಾಸನೆ. ದ್ರಾಕ್ಷಿ ವೈನ್ ಮಾಡುವವರು ಈ ವಾಸನೆ ಸುಳಿದರೆ ಬೆಚ್ಚುತ್ತಾರೆ. ಲ್ಯಾಂಬಿಕ್‌ನಲ್ಲಿ ಅದಿಲ್ಲದಿದ್ದರೆ ಏನೋ ಕಡಿಮೆಯಾಯಿತು ಎನ್ನುತ್ತಾರೆ.

ಸುತ್ತು ಮುಗಿಯುವುದು ರುಚಿ ನೋಡುವ ಮೇಜಿನ ಬಳಿ. ಮೊದಲು ಕೊಡುವುದು ಪೀಪಾಯಿಯಿಂದ ನೇರ ತೆಗೆದ ಲ್ಯಾಂಬಿಕ್. ಮಸುಕು ಹೊನ್ನಿನ ಬಣ್ಣ, ನೊರೆಯಿಲ್ಲ, ಗುಳ್ಳೆಯಿಲ್ಲ. ಹುದುಗಿನಲ್ಲಿ ಹುಟ್ಟಿದ ಅನಿಲ ಮರದ ಮೂಲಕ ಹೊರಟುಹೋಗಿದೆ. ಬಿಯರ್ ಎಂದು ಬಾಯಿಗಿಟ್ಟವರಿಗೆ ಇದು ಅಪರಿಚಿತ: ಹಸಿ ಸೇಬು, ನಿಂಬೆಸಿಪ್ಪೆ, ಒದ್ದೆ ಹುಲ್ಲು. ಕಹಿ ಹುಡುಕಿದರೂ ಸಿಗದು. ಹುಳಿಯನ್ನು ನಾಲಿಗೆ ಅರಿಯುವುದು ಪ್ರೋಟಾನ್‌ಗಳ ಮೂಲಕ. ರುಚಿಕೋಶದ ಪೊರೆಯಲ್ಲಿ ಪ್ರೋಟಾನ್‌ಗಳಿಗೆ ಮಾತ್ರ ದಾರಿ ಬಿಡುವ ಓಟಾಪ್-1 ಎಂಬ ಪ್ರೋಟೀನ್ ಇದೆ. ಅದನ್ನು ಎಮಿಲಿ ಲೀಮನ್ ಅವರ ತಂಡ ಅಮೆರಿಕದಲ್ಲಿ ಕಂಡುಕೊಂಡದ್ದು 2018ರಲ್ಲಿ, ಅಂದರೆ ತೀರ ಈಚೆಗೆ. ಲ್ಯಾಕ್ಟಿಕ್ ಆಮ್ಲಕ್ಕೆ ವಾಸನೆಯಿಲ್ಲ, ಅದರ ಹುಳಿ ದುಂಡಗೆ ಬಾಯಲ್ಲಿ ಹರಡುತ್ತದೆ. ವಿನೆಗರಿನ ಅಸಿಟಿಕ್ ಆಮ್ಲ ಮೂಗಿಗೂ ಏರುತ್ತದೆ. ಒಳ್ಳೆಯ ಪೀಪಾಯಿಯಲ್ಲಿ ಮೊದಲನೆಯದು ಮನೆ ತುಂಬಿರುತ್ತದೆ, ಎರಡನೆಯದು ಬಾಗಿಲಲ್ಲಿ ನಿಂತಿರುತ್ತದೆ.

ಎರಡನೆಯ ಲೋಟ ಗೂಜ್. ಒಂದು, ಎರಡು, ಮೂರು ವರ್ಷಗಳ ಲ್ಯಾಂಬಿಕ್‌ಗಳನ್ನು ಪೀಪಾಯಿ ಪೀಪಾಯಿಯಾಗಿ ರುಚಿ ನೋಡಿ ಬೆರೆಸಿದ್ದು. ಎಳೆಯದರಲ್ಲಿ ಇನ್ನೂ ಸಕ್ಕರೆಯಿದೆ, ಹಳೆಯದರಲ್ಲಿ ಗುಣ ಮಾಗಿದೆ. ಶಾಂಪೇನ್ ಮಾದರಿಯ ದಪ್ಪ ಬಾಟಲಿಗೆ ತುಂಬಿ, ಬಿರಡೆ ಜಡಿದು, ಅಡ್ಡಡ್ಡ ಮಲಗಿಸಿಟ್ಟರೆ ಒಳಗೆ ಮತ್ತೊಮ್ಮೆ ಹುದುಗೆದ್ದು ಅನಿಲ ಬಿಯರಿನಲ್ಲೇ ಕರಗುತ್ತದೆ. ಅದೇ ಲ್ಯಾಂಬಿಕ್, ಆದರೆ ಗೂಜ್ ಹೆಚ್ಚು ಹರಿತವಾಗಿ ನಾಲಿಗೆಗೆ ತಾಗುತ್ತದೆ. ಗುಳ್ಳೆಗಳು ಚುಚ್ಚುವುದರಿಂದ ಹೀಗಾಗುತ್ತದೆಂದು ಬಹಳ ಕಾಲ ಭಾವಿಸಲಾಗಿತ್ತು. 2009ರ ಒಂದು ಸಂಶೋಧನೆ ಬೇರೆ ದಾರಿ ತೋರಿಸಿತು: ಹುಳಿ ಅರಿಯುವ ಕೋಶಗಳ ಮೇಲೇ ಕಾರ್ಬೊನಿಕ್ ಅನ್‌ಹೈಡ್ರೇಸ್-4 ಎಂಬ ಕಿಣ್ವವಿದೆ, ಅದು ಕರಗಿದ ಕಾರ್ಬನ್ ಡೈಆಕ್ಸೈಡನ್ನು ನೀರಿನೊಡನೆ ಸೇರಿಸಿ ಅಲ್ಲೇ ಪ್ರೋಟಾನ್ ಬಿಡಿಸುತ್ತದೆ. ಗುಳ್ಳೆಗೂ ಒಂದು ರುಚಿ ಇದೆ, ಅದು ಹುಳಿಯ ಕೋಶದಲ್ಲೇ ದಾಖಲಾಗುತ್ತದೆ. ಗೂಜ್ ನುಂಗಿದ ಮೇಲೆ ಬಾಯಿಮುಚ್ಚಿ ಮೂಗಿನಿಂದ ಉಸಿರು ಬಿಟ್ಟುನೋಡಿ ಎಂದು ಹೇಳುವೆ; ಗಂಟಲ ಹಿಂದಿನಿಂದ ಏರುವ ಆವಿಯಲ್ಲಿ ಆ ಲಾಯದ ವಾಸನೆ, ಹಳೆ ಮರ, ಒಣ ಹುಲ್ಲು ಎಲ್ಲ ಒಟ್ಟಿಗೆ ಬರುತ್ತವೆ. ನನ್ನ ಮಟ್ಟಿಗೆ ಈ ಮನೆಯ ಎಲ್ಲ ಬಿಯರುಗಳಲ್ಲಿ ಗೂಜ್‌ಗೇ ಮೊದಲ ಸ್ಥಾನ. ಸರದಿಯ ಮೂರೂ ವರ್ಷಗಳು ಒಂದೇ ಗುಟುಕಿನಲ್ಲಿ ಸಿಗುವುದು ಅದರಲ್ಲೇ.

ಕೊನೆಗೆ ಕ್ರೀಕ್, ಹುಳಿ ಚೆರ್ರಿಯದು. ನಗರದ ಇನ್ನೊಂದು ಬದಿಯ ಸ್ಖಾರ್‌ಬೇಕ್ ಬಡಾವಣೆ ಒಮ್ಮೆ ಈ ಚೆರ್ರಿ ತೋಟಗಳಿಗೆ ಹೆಸರಾಗಿತ್ತು. ಲೀಟರಿಗೆ ಸುಮಾರು 200 ಗ್ರಾಂ ಹಣ್ಣನ್ನು ಬೀಜ ಸಮೇತ ಲ್ಯಾಂಬಿಕ್‌ನಲ್ಲಿ ನೆನೆಸಿಡುತ್ತಾರೆ. ಹಣ್ಣಿನ ಸಕ್ಕರೆಗೆ ಯೀಸ್ಟ್ ಮತ್ತೆ ಎಚ್ಚರಾಗಿ ಅದನ್ನೂ ಮುಗಿಸುತ್ತದೆ. ಬಣ್ಣ ಕಡುಗೆಂಪು, ಸಿಹಿ ಮಾತ್ರ ಇಲ್ಲ. ಅಂಗಡಿಗಳಲ್ಲಿ ಸಿಗುವ ಸಿಹಿ ಚೆರ್ರಿ ಬಿಯರ್ ಕುಡಿದು ಬಂದವರು ಇಲ್ಲಿ ಮುಖ ಕಿವಿಚುವುದುಂಟು. ಒಂದು ಗುಟುಕು ತಾಳಿದರೆ ಹಣ್ಣಿನ ಹಿಂದಿನಿಂದ ಬಾದಾಮಿಯ ಘಮ ಬರುತ್ತದೆ. ಅದು ಬೀಜದ ಕೊಡುಗೆ. ಚೆರ್ರಿ ಬೀಜದಲ್ಲಿ ಸಕ್ಕರೆಗೆ ಕಟ್ಟಿಹಾಕಿದ ಅಮಿಗ್ಡಾಲಿನ್ ಎಂಬ ಅಣುವಿದೆ. ಆ ಗಂಟು ಬಿಚ್ಚಿದರೆ ಬೆನ್ಜಾಲ್ಡಿಹೈಡ್ ಹೊರಬರುತ್ತದೆ, ಬಾದಾಮಿಯ ವಾಸನೆ ಅದರದೇ. ಸಕ್ಕರೆಗೆ ಕಟ್ಟಿದ ಇಂಥ ಪರಿಮಳಗಳನ್ನು ಬಿಡಿಸುವ ಕಿಣ್ವ ಬ್ರೆಟನೊಮೈಸಿಸ್‌ನ ಹಲವು ತಳಿಗಳಲ್ಲಿದೆ.

ಗೂಜ್ ಬಾಟಲಿಯನ್ನು ತಂಪು ನೆಲಮಾಳಿಗೆಯಲ್ಲಿ 20 ವರ್ಷ ಇಟ್ಟರೂ ಕೆಡುವುದಿಲ್ಲ ಎಂದು ಇಲ್ಲಿಯವರು ಹೇಳುತ್ತಾರೆ. ಕ್ರೀಕ್‌ಗೆ ಆ ಮಾತು ಸಲ್ಲದು. ವರ್ಷಗಳು ಕಳೆದಂತೆ ಹಣ್ಣಿನ ಬಣ್ಣವೂ ಘಮವೂ ಇಳಿಯುತ್ತವೆ, ಕಡೆಗೆ ಅಡಿಯಲ್ಲಿದ್ದ ಲ್ಯಾಂಬಿಕ್ ತಾನೇ ಮೇಲೆ ಬರುತ್ತದೆ. ಚೆರ್ರಿಗಾಗಿ ಕೊಳ್ಳುವವರು ಅದನ್ನು ಎಳೆಯದಾಗಿರುವಾಗಲೇ ತೆರೆಯಬೇಕು.